ಡೈರಿ ಸೆಕ್ರೆಟರಿಗೆ ಯಾಕೆ ಈ ತರಬೇತಿ?

ಹಳ್ಳಿಯಲ್ಲಿ ಆತ್ಮಹತ್ಯೆ ತಡೆಯುವ ತರಬೇತಿ ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ಆಶಾ ಕಾರ್ಯಕರ್ತೆಯರದ್ದು. ನಾವೂ ಅವರಿಂದಲೇ ಶುರು ಮಾಡಿದೆವು. ಆದರೆ ಆಶಾ ಅಕ್ಕಂದಿರು ಜಾಸ್ತಿ ಹೋಗುವುದು ಬಸುರಿ, ಬಾಣಂತಿ, ಮಗು ಇರುವ ಮನೆಗೆ. ನಲವತ್ತೈದರ ಗಂಡಸಿನ ಹತ್ತಿರ ಕೂತು 'ಏನಣ್ಣ, ಹೇಗಿದ್ದೀರಿ' ಅಂತ ಕೇಳುವ ಸಂದರ್ಭ ಅವರಿಗೆ ಎಲ್ಲಿ ಸಿಗುತ್ತೆ? 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ದೇಶದ ಲೆಕ್ಕ ನೋಡಿದರೆ ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು.

ನಾನು ಕೆಲಸ ಮಾಡುವುದು ಮಂಡ್ಯ ಕಡೆಯ ಹಳ್ಳಿಗಳಲ್ಲಿ. ಅಲ್ಲಿ ಆ ಗಂಡಸನ್ನು ದಿನಕ್ಕೆರಡು ಹೊತ್ತು ನೋಡುವವರು ಡೈರಿ ಸೆಕ್ರೆಟರಿ. ಯಾರು ಹಸು ಮಾರಿದರು, ಯಾರ ಹಾಲಿನ ದುಡ್ಡು ಪೂರ್ತಿ ಸಾಲಕ್ಕೆ ಹೋಗ್ತಿದೆ, ಯಾರು ಬೆಳಿಗ್ಗೆಯೇ ಕುಡಿದು ಬರ್ತಾರೆ, ಎಲ್ಲ ಅವರಿಗೆ ಗೊತ್ತು. ಹಾಗಾಗಿ ಡೈರಿ ಸೆಕ್ರೆಟರಿಗಳನ್ನು, ಗೊಬ್ಬರದ ಅಂಗಡಿಯವರನ್ನು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳನ್ನು ಒಟ್ಟಿಗೆ ಕೂರಿಸಿದೆವು. ಅವರನ್ನು ಕೌನ್ಸೆಲರ್ ಮಾಡುವುದು ನಮ್ಮ ಉದ್ದೇಶ ಅಲ್ಲ. ಗುರುತಿಸಬೇಕು, ಕೇಳಬೇಕು, ಜೊತೆಗಿದ್ದು ವೈದ್ಯರ ತನಕ ತಲುಪಿಸಬೇಕು. ಅಷ್ಟೇ.

ಬೆಳಗಿನ ಹಾಲು ಹೋದ ಮೇಲೆ ಡೈರಿ ಕಟ್ಟಡದಲ್ಲೇ ಸೇರುತ್ತೇವೆ. ಸ್ಲೈಡು, ಪ್ರೊಜೆಕ್ಟರ್ ಏನೂ ಇಲ್ಲ. ಗುರುತಿಸುವ ಭಾಗ ಬೇಗ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಅದನ್ನು ಅವರೇ ನನಗೆ ಹೇಳುತ್ತಾರೆ. 'ನಾನಿಲ್ಲದಿದ್ರೆ ನಿಮಗೆಲ್ಲ ಆರಾಮು' ಅನ್ನುವ ಮಾತು, ಇದ್ದಕ್ಕಿದ್ದಂತೆ ಎಲ್ಲರ ಬಾಕಿ ತೀರಿಸುವುದು, ಕುಡಿತ ಏರುವುದು, ಹಬ್ಬಕ್ಕೂ ಮನೆಯಿಂದ ಹೊರಗೆ ಬಾರದಿರುವುದು. ಅಷ್ಟು ದಿನ ಒದ್ದಾಡಿದವನು ಒಂದು ದಿನ ದಿಢೀರಂತ ಶಾಂತವಾದರೆ ಅದೂ ಎಚ್ಚರಿಕೆಯೇ. ಇದೊಂದನ್ನು ಮಾತ್ರ ನಾನು ಒತ್ತಿ ಹೇಳಬೇಕಾಗುತ್ತದೆ.

ಕಷ್ಟ ಇರುವುದು ಕೇಳುವುದರಲ್ಲಿ. 'ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗಲ್ವಾ ಮೇಡಂ?' ಈ ಪ್ರಶ್ನೆ ಬಾರದ ತರಬೇತಿಯೇ ಇಲ್ಲ. ಆಗಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಳಗೇ ಇಟ್ಟುಕೊಂಡು ಬೇಯುತ್ತಿದ್ದವರಿಗೆ ಯಾರೋ ಕೇಳಿದರಲ್ಲ ಅಂತ ಸಮಾಧಾನವೇ ಆಗುತ್ತದೆ. ಇಷ್ಟು ಹೇಳಿದರೆ ತಲೆ ಆಡಿಸುತ್ತಾರೆ. ಆದರೆ ಬಾಯಿ ತಿರುಗುವುದಿಲ್ಲ. ಅದಕ್ಕೇ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಜೋರಾಗಿ ಹೇಳಿಸುತ್ತೇನೆ. ಮೊದಲು ನಗು. ಆಮೇಲೆ ಬರುವುದು 'ಏನೂ ಮಾಡ್ಕೋಬೇಡಪ್ಪ' ಅಥವಾ 'ಅಂಥದ್ದೇನೂ ಯೋಚನೆ ಇಲ್ಲ ತಾನೇ?' ಮೊದಲನೆಯದು ಪ್ರಶ್ನೆಯೇ ಅಲ್ಲ. ಎರಡನೆಯದಕ್ಕೆ 'ಇಲ್ಲ ಬಿಡಿ' ಅನ್ನದೆ ಬೇರೆ ದಾರಿಯೇ ಇಲ್ಲ.

ನಾವು ಅಭ್ಯಾಸ ಮಾಡಿಸುವುದು ಹೀಗೆ: 'ಇಷ್ಟು ಕಷ್ಟ ಬಂದಾಗ ಕೆಲವರಿಗೆ ಸತ್ತೋಗೋಣ ಅನ್ಸುತ್ತೆ ಅಣ್ಣ. ನಿಮಗೂ ಹಾಗೆ ಅನ್ಸಿದೆಯಾ?' ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದನ್ನು ಕಲಿಸಲು ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. 'ಹೂಂ' ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು 'ಹೆಂಡ್ತಿ ಮಕ್ಕಳ ಮುಖ ನೋಡು'. ಆ ಮಾತು ನನಗೆ ಇಷ್ಟವಿಲ್ಲ. ಅವರ ಮುಖ ನೋಡಿಯೇ ಅವನು ನಾಚಿಕೆಯಿಂದ ಕುಗ್ಗಿರುತ್ತಾನೆ. ಅದರ ಬದಲು 'ಯಾವಾಗಿಂದ ಹೀಗನ್ನಿಸ್ತಿದೆ? ಹೇಗೆ ಅಂತಾನೂ ಯೋಚನೆ ಮಾಡಿದ್ದೀರಾ?' ಅಂತ ಕೇಳಬೇಕು. ಮಾಡಿದ್ದೇನೆ ಅಂದರೆ ಅವರನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. 'ಯಾರಿಗೂ ಹೇಳ್ಬೇಡಿ' ಅಂದರೆ ಮಾತು ಕೊಡುವ ಹಾಗೂ ಇಲ್ಲ. 'ಊರಿಗೆ ಹೇಳಲ್ಲ, ಆದ್ರೆ ಮನೇಲಿ ಒಬ್ಬರಿಗೆ ಹೇಳಲೇಬೇಕು. ಯಾರಿಗೆ ಹೇಳೋಣ, ನೀವೇ ಹೇಳಿ' ಅನ್ನುವುದು ನಮ್ಮಲ್ಲಿ ಕೆಲಸ ಮಾಡಿದೆ.

ಗೊಬ್ಬರದ ಅಂಗಡಿಯವರ ಜೊತೆ ಮಾತು ಬೇರೆ. ಬೆಳೆಗೆ ಹೊಡೆಯುವ ಔಷಧಿ ಕೈಗೆ ಸುಲಭವಾಗಿ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ. ಶ್ರೀಲಂಕಾ 1995ರಿಂದ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ. 70ರಷ್ಟು ಇಳಿಯಿತು. ನಿಷೇಧ ನಮ್ಮ ಕೈಲಿಲ್ಲ. ಕುಡಿದು ಬಂದವನಿಗೆ, ಅಳುತ್ತಾ ಬಂದವಳಿಗೆ 'ಸ್ಟಾಕ್ ಇಲ್ಲ, ನಾಳೆ ಬನ್ನಿ' ಅನ್ನುವುದು ಅಂಗಡಿಯವರ ಕೈಲಿದೆ. ಮನೆಯವರಿಗೂ ಔಷಧಿಯನ್ನು ಬೀಗ ಹಾಕಿಡಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ ಅನ್ನುತ್ತೇವೆ. ಆ ಗಳಿಗೆ ದಾಟಿದರೆ ಎಷ್ಟೋ ಜನ ಮತ್ತೆ ಆ ಕಡೆ ಹೋಗುವುದಿಲ್ಲ.

ಪೊಲೀಸ್ ಕೇಸಿನ ಭಯ ಇನ್ನೂ ಇದೆ. ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸುವುದೇ ಅಪರಾಧ ಅನ್ನುವ ಐಪಿಸಿ 309 ಇತ್ತು, ನಿಜ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸಬಾರದು ಅಂದಿತು. 2024ರ ಜುಲೈ 1ಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲೆಂದು ಆತ್ಮಹತ್ಯೆಗೆ ಪ್ರಯತ್ನಿಸಿದರೆ ಮಾತ್ರ ಅಪರಾಧ. ಆಸ್ಪತ್ರೆಯಲ್ಲಿ ಪೊಲೀಸರಿಗೆ ತಿಳಿಸುವ ದಾಖಲೆ, ಅಂದರೆ ಎಂಎಲ್‌ಸಿ ಬರೆಯುತ್ತಾರೆ, ಬರೆಯಲಿ. ಅದಕ್ಕೆ ಹೆದರಿ ಯಾರನ್ನೂ ಮನೆಯಲ್ಲಿ ಮಲಗಿಸಬೇಡಿ ಅಂತ ಎರಡು ಸಲ ಹೇಳುತ್ತೇನೆ.

ತಲುಪಿಸುವುದು ಅಂದರೆ ನಂಬರ್ ಬರೆದುಕೊಡುವುದಲ್ಲ. ಬರೆದುಕೊಟ್ಟ ಚೀಟಿ ಜೇಬಲ್ಲೇ ಒಗೆದು ಹೋಗುತ್ತದೆ. ಡೈರಿ ರೂಮಿನಲ್ಲೇ ಕೂತು, ಸೆಕ್ರೆಟರಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಹಚ್ಚಿ ಕೈಗೆ ಕೊಡುತ್ತಾರೆ. ಅದು ಉಚಿತ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅವತ್ತು ಸೆಕ್ರೆಟರಿಯೇ ಬೈಕಲ್ಲಿ ಕೂರಿಸಿಕೊಂಡು ಬರುತ್ತಾರೆ. ಮಂಗಳವಾರ ಒಳ್ಳೇ ದಿನ ಅಲ್ಲ ಅಂತ ತಕರಾರು ಮಾಡಿದವರೂ ಇದ್ದಾರೆ! ಜೀವಕ್ಕೆ ಈಗಲೇ ಅಪಾಯ ಇದ್ದರೆ ಮಂಗಳವಾರಕ್ಕೆ ಕಾಯುವುದಿಲ್ಲ, ನೇರ ಆಸ್ಪತ್ರೆ.

ಮಾತ್ರೆಯಿಂದ ಸಾಲ ತೀರುವುದಿಲ್ಲ, ಅದೂ ಗೊತ್ತು. ಮೈಕ್ರೋಫೈನಾನ್ಸ್‌ನವರು ಬಾಗಿಲಿಗೆ ಬಂದು ಕೂರುತ್ತಾರೆ ಅಂದವರಿಗೆ, ಬಲವಂತದ ವಸೂಲಿ ವಿರುದ್ಧ 2025ರಲ್ಲಿ ರಾಜ್ಯ ಕಾನೂನು ತಂದಿದೆ ಅಂತ ಹೇಳಿ, ದೂರು ಬರೆಯಲು ಜೊತೆಗೆ ಹೋಗುತ್ತೇವೆ. ಅರ್ಧ ಕೆಲಸ ಇಂಥದ್ದೇ.

ಪ್ರಯತ್ನ ಮಾಡಿ ಉಳಿದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮೊದಲ ಕೆಲವು ತಿಂಗಳು ಬಿಡಬಾರದು. ಅದು ಅಪಾಯದ ಕಾಲ. ಊರವರು ಮಾತ್ರ ಅದೇ ಹೊತ್ತಿಗೆ ದೂರ ಸರಿಯುತ್ತಾರೆ. ಸಂಘದ ಹೆಂಗಸರಿಗೆ ಈ ಕೆಲಸ ಚೆನ್ನಾಗಿ ಒಗ್ಗಿದೆ. ವಿಚಾರಿಸಲು ಬಂದೆವು ಅನ್ನುವುದಿಲ್ಲ, ಸಾರು ಕೊಡಲು ಬಂದೆ ಅನ್ನುತ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ಇವರಿಗೂ ಮನಸ್ಸು ಭಾರವಾಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ನಾವೆಲ್ಲ ಸೇರುತ್ತೇವೆ. ಹೆಸರು ಹೇಳದೆ, ಆದದ್ದನ್ನು ಮಾತ್ರ ಮಾತಾಡುತ್ತೇವೆ.

ಮುಂದಿನ ಸರದಿ ಕಟಿಂಗ್ ಶಾಪಿನವರದ್ದು. ಕುರ್ಚಿಯಲ್ಲಿ ಕೂತ ಗಂಡಸು ಎಷ್ಟು ಮಾತಾಡುತ್ತಾನೆ ಅಂತ ಅವರನ್ನೇ ಕೇಳಬೇಕು. ತೊಡಕೊಂದೇ. ಅವರಿಗೆ ರಜೆ ಮಂಗಳವಾರ, ನಮಗೆ ಜನ ಜಾಸ್ತಿ ಇರುವುದೂ ಅವತ್ತೇ. ಓಪಿಡಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಅಂತ ಸದ್ಯಕ್ಕೆ ಗೊತ್ತು ಮಾಡಿದ್ದೇವೆ.