ಎಟಿಆರ್‌ನಲ್ಲಿ ಗಳಿಸಿದ ಗಂಟೆಗಳು

ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಕೈಗೆ ಬಂದಾಗ ನನ್ನ ಲಾಗ್‌ಬುಕ್‌ನಲ್ಲಿದ್ದದ್ದು ಲೈಸೆನ್ಸಿಗೆ ಬೇಕಾದ 200 ಗಂಟೆ, ಅದರ ಮೇಲೆ ಸ್ವಲ್ಪ. ಆಸೆಯಿದ್ದದ್ದು ಏರ್‌ಬಸ್ ಮೇಲೆ, ಕೆಲಸ ಸಿಕ್ಕಿದ್ದು ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್ ವಿಮಾನ ಎಟಿಆರ್ 72ರಲ್ಲಿ. "ಟರ್ಬೊಪ್ರಾಪ್‌ಗೆ ಹೋದ್ರೆ ಅಲ್ಲೇ ಉಳಿದುಬಿಡ್ತೀಯ ಕಣೋ" ಅಂತ ಬ್ಯಾಚ್‌ಮೇಟ್‌ಗಳು ಎಚ್ಚರಿಸಿದ್ದರು. ಈಗ ಅದೇ ವಿಮಾನದಲ್ಲಿ ಕ್ಯಾಪ್ಟನ್ ಆಗಿದ್ದೇನೆ. "ಸರ್, ಜೆಟ್ ಸಿಗೋವರೆಗೂ ಕಾಯಲಾ, ಎಟಿಆರ್ ಸೇರಿಬಿಡಲಾ?" ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಕೊಡುವ ಉತ್ತರ ಒಂದೇ: ಸೇರಿ.

ಲಾಗ್‌ಬುಕ್‌ನ ಗಂಟೆಗಳೆಲ್ಲ ಒಂದೇ ತೂಕದವಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಯಾವ ಕಡೆಗೆ ಹೊರಟರೂ ಗಾಳಿಯಲ್ಲಿರುವುದು ಹೆಚ್ಚುಕಮ್ಮಿ ಒಂದು ಗಂಟೆ. ದಿನಕ್ಕೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ ಮಾಮೂಲು. ಪ್ರತಿ ಸಲ ಹೊಸ ಬ್ರೀಫಿಂಗ್, ಬೇರೆ ಗಾಳಿ, ಬೇರೆ ಲ್ಯಾಂಡಿಂಗ್. ದೂರದ ವಿದೇಶಿ ಹಾರಾಟದಲ್ಲಿ ಹತ್ತು ಗಂಟೆಗೆ ಒಂದು ಲ್ಯಾಂಡಿಂಗ್, ಅದೂ ಕಾಕ್‌ಪಿಟ್ಟಿನಲ್ಲಿರುವ ಒಬ್ಬರಿಗೆ ಮಾತ್ರ. ರನ್‌ವೇಗಳೂ ಅಷ್ಟೇ. ಮೈಸೂರಿನದು 1,740 ಮೀಟರ್, ಲಕ್ಷದ್ವೀಪದ ಅಗತ್ತಿಯದು ಸುಮಾರು 1,200. ಇಂಥ ಕಡೆ ವೇಗವೂ ಟಚ್‌ಡೌನ್ ಜಾಗವೂ ಕರಾರುವಾಕ್ಕಾಗಿ ಕೂರಬೇಕು. ಹೊಂದದಿದ್ದರೆ ತಡಮಾಡದೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು.

ನನ್ನನ್ನು ನಿಜವಾಗಿ ತಿದ್ದಿದ್ದು ಪವರ್ ಲಿವರ್. ಎಟಿಆರ್‌ನಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಾಟಲ್ ಇಲ್ಲ. ಆಟೊಪೈಲಟ್ ಹಾಕಿದ್ದರೂ ಟಾರ್ಕ್ (ಪ್ರೊಪೆಲ್ಲರ್ ತಿರುಗಿಸುವ ಬಲ) ಇಡುವುದು ನಮ್ಮ ಕೈಯೇ. ಲಿವರ್ ಮುಂದೆ ತಳ್ಳಿದರೆ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ರಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಬೇಕು. ಫ್ಲೈಟ್ ಐಡಲ್‌ಗೆ, ಅಂದರೆ ಹಾರಾಟದ ಕನಿಷ್ಠ ಪವರ್‌ಗೆ ತಂದರೆ ಆರಾರು ಅಲಗಿನ ಎರಡೂ ಪ್ರೊಪೆಲ್ಲರ್‌ಗಳು ತಿರುಗುತ್ತಲೇ ಗಾಳಿಗೆ ಅಡ್ಡವಾಗಿ, ವೇಗ ಸರ್ರನೆ ಇಳಿಯುತ್ತದೆ. ಧಾರವಾಡ ಕಡೆಯ ಹಿರಿಯ ಕ್ಯಾಪ್ಟನ್ ಒಬ್ಬರು ವಿಮಾನ ಇಳಿದು ನಡೆಯುವಾಗ ನನಗೆ ಹೇಳಿದ್ದರು: "ತಮ್ಮಾ, ಕೈ ಲಿವರ್ ಮ್ಯಾಲೆ ಹೋತಂದ್ರ ಕಾಲಿಗೂ ಸುದ್ದಿ ಮುಟ್ಟಬೇಕು ನೋಡು." ಈಗ ನನ್ನ ಫಸ್ಟ್ ಆಫೀಸರ್‌ಗಳಿಗೆ (ಸಹ ಪೈಲಟ್‌ಗಳಿಗೆ) ನಾನೂ ಇದನ್ನೇ ಹೇಳುತ್ತೇನೆ.

ಲಿವರ್‌ಗಳ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿರುವುದಕ್ಕೆ ಎರಡು ಅಪಘಾತಗಳ ವರದಿಗಳು ಕಾರಣ. 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಏರ್‌ವೇಸ್‌ನ ಎಟಿಆರ್ ಟೇಕಾಫ್ ಆದ ಕೂಡಲೇ ಎರಡನೇ ಎಂಜಿನ್‌ನ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು, ಅಂದರೆ ಅಲಗುಗಳು ಗಾಳಿಯ ದಿಕ್ಕಿಗೆ ಅಂಚು ಮಾಡಿ ತಿರುಗಿ ಎಳೆತ ನಿಂತಿತು. ಕಾಕ್‌ಪಿಟ್ಟಿನಲ್ಲಿ ಹಿಂದಕ್ಕೆ ಎಳೆದದ್ದು ಸರಿಯಾಗಿದ್ದ ಒಂದನೇ ಎಂಜಿನ್‌ನ ಲಿವರ್. 43 ಜನ ತೀರಿಕೊಂಡರು. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್‌ನ ಎಟಿಆರ್ ಇಳಿಯುವ ಹೊತ್ತಿಗೆ ರೆಕ್ಕೆಯ ಫ್ಲಾಪ್ ಲಿವರ್ ಬದಲು ಪ್ರೊಪೆಲ್ಲರ್ ನಿಯಂತ್ರಿಸುವ ಕಂಡೀಷನ್ ಲಿವರ್‌ಗಳು ಫೆದರ್ ಸ್ಥಾನಕ್ಕೆ ಹೋದವು. ಒಳಗಿದ್ದ 72 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಯ ತರಬೇತಿ) ದಿನಗಳಲ್ಲೇ ಹೋಟೆಲ್ ರೂಮಿನ ಗೋಡೆಗೆ ಕಾಕ್‌ಪಿಟ್ ಪೋಸ್ಟರ್ ಅಂಟಿಸಿ ರೂಢಿ ಮಾಡಿಕೊಂಡೆ: ಕೈ ಇಡು, ನೋಡು, ಹೆಸರು ಹೇಳು, ಪಕ್ಕದವರು "ಸರಿ" ಅಂದ ಮೇಲೆ ಸರಿಸು. ಎಂಜಿನ್ ಕೈಕೊಟ್ಟಾಗ ಅವಸರಪಡದೆ ಮೊದಲು ವಿಮಾನ ಹಾರಿಸುವುದು, ಆಮೇಲೆ ಯಾವ ಎಂಜಿನ್ ಎಂದು ಇಬ್ಬರೂ ಖಚಿತಪಡಿಸಿಕೊಳ್ಳುವುದು. ಸಿಮ್ಯುಲೇಟರ್‌ನಲ್ಲಿ ಇದನ್ನು ಎಷ್ಟು ಸಲ ಮಾಡಿದರೂ ಸಾಲದು.

ಇನ್ನು ಮಳೆಗಾಲ. ಎಟಿಆರ್‌ನ ಗರಿಷ್ಠ ಎತ್ತರ 25,000 ಅಡಿ, ನಾವು ಹಾರುವುದು ಬಹುಪಾಲು ಅದಕ್ಕೂ ಕೆಳಗೆ. ಜುಲೈಯಲ್ಲಿ ಪಶ್ಚಿಮ ಘಟ್ಟದ ಮೋಡಗಳನ್ನು ಹತ್ತಿ ದಾಟುವ ಮಾತೇ ಇಲ್ಲ, ರೇಡಾರ್ ನೋಡಿಕೊಂಡು ಬಳಸಿ ಹೋಗಬೇಕು. ನೀರು ಹೆಪ್ಪುಗಟ್ಟುವ ಎತ್ತರವೂ ಹೆಚ್ಚುಕಮ್ಮಿ ಅಲ್ಲೇ. ಕಿಟಕಿಯ ಹೊರಗಿನ ಪುಟ್ಟ ಪ್ರೋಬ್ ಮೇಲೆ ಮಂಜುಗಡ್ಡೆಯ ಬಿಳಿ ಪೊರೆ ಕಟ್ಟತೊಡಗಿದರೆ, ಉಬ್ಬಿ ಅದನ್ನು ಒಡೆಯುವ ರೆಕ್ಕೆಯ ಅಂಚಿನ ರಬ್ಬರ್ ಬೂಟ್‌ಗಳನ್ನು ಆನ್ ಮಾಡಿ, ಕಣ್ಣನ್ನು ವೇಗದ ಮೇಲಿಡುತ್ತೇವೆ. ವಿಮಾನ ಹವೆಯೊಳಗೇ ಇರುವುದರಿಂದ ಹವೆಯ ಬಗ್ಗೆ ಕಲಿತದ್ದು ಮೈಗೆ ಹತ್ತುತ್ತದೆ.

ವೃತ್ತಿಯ ಲೆಕ್ಕಕ್ಕೆ ಬಂದರೆ, ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ 1,500 ಗಂಟೆ ಬೇಕು. ಅದಾದ ಮೇಲೆ ಕಮಾಂಡ್ (ಕ್ಯಾಪ್ಟನ್ ಸ್ಥಾನ) ನನಗೆ ಜೆಟ್ ಸೇರಿದ ಗೆಳೆಯರಿಗಿಂತ ಬೇಗ ಬಂತು. ಆಮೇಲೆ ಬರುವ ಪ್ರತಿ ಗಂಟೆ ಪಿ1, ಅಂದರೆ ವಿಮಾನದ ಹೊಣೆ ಹೊತ್ತು ಹಾರಿದ ಗಂಟೆ. ದೊಡ್ಡ ವಿಮಾನದ ಸಂದರ್ಶನಗಳಲ್ಲಿ ಒಟ್ಟು ಗಂಟೆಯ ಜೊತೆಗೆ ನಿರ್ಧಾರ ನಿಮ್ಮದೇ ಆಗಿದ್ದ ಗಂಟೆ ಎಷ್ಟು ಎಂದೂ ಕೇಳುತ್ತಾರೆ. ನನ್ನ ಜೊತೆ ಹಾರಿ ಏರ್‌ಬಸ್‌ಗೆ ದಾಟಿದವರು ಹೇಳುವ ಪ್ರಕಾರ, ಅಲ್ಲಿ ಕಷ್ಟವಾಗುವುದು ಇಳಿಯುವಾಗ: ಜೆಟ್ ಪವರ್ ತೆಗೆದರೂ ಜಾರುತ್ತಲೇ ಇರುತ್ತದೆ, ಡಿಸೆಂಟ್ ಯೋಜನೆ ಬಹಳ ಮುಂಚೆ ಶುರುವಾಗಬೇಕು. ಕೈಯಿಂದ ಹಾರಿಸುವುದರಲ್ಲಿ ಅವರಿಗೆ ಅಳುಕಿಲ್ಲ.

ಲಾಗ್‌ಬುಕ್ ಅವತ್ತಿಂದವತ್ತಿಗೆ ಬರೆದಿಡಿ, ತಿಂಗಳಿಗೊಮ್ಮೆ ಕಂಪನಿಯ ದಾಖಲೆಯೊಂದಿಗೆ ತಾಳೆ ನೋಡಿ. ಸೇರುವ ಮುಂಚೆ ಬಾಂಡ್ ಪೂರ್ತಿ ಓದಿ: ಟೈಪ್ ರೇಟಿಂಗ್ ಖರ್ಚು ಯಾರದು, ಎಷ್ಟು ವರ್ಷ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು. ಅದೇ ಕಂಪನಿಯಲ್ಲಿ ಜೆಟ್ ಇದ್ದರೆ, ಅತ್ತ ದಾಟಿದಾಗ ಸೀನಿಯಾರಿಟಿ ಎಂದಿನಿಂದ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ.