ಹೊರದೇಶದಲ್ಲೂ ಬೆನ್ನು ಬಿಡದ ಸರ್ಕಾರ: ನಿಮ್ಮ ಗೆಳೆಯರಿಗೆ ಹೀಗೆ ನೆರವಾಗಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಅವರ ಕ್ಲಾಸಿನಲ್ಲಿ, ರೂಮಿನಲ್ಲಿ ಚೀನಾದವರೋ ಇರಾನಿನವರೋ ಇರಬಹುದು, ಅಲ್ವಾ? ಆ ಗೆಳೆಯರನ್ನು ಅವರ ಸರ್ಕಾರವೇ ಗುಟ್ಟಾಗಿ ಹಿಂಬಾಲಿಸುತ್ತಿರಬಹುದು.

ಇದು ಸುಮ್ನೆ ಭಯವಲ್ಲ. ಚೀನಾ 50ಕ್ಕೂ ಜಾಸ್ತಿ ದೇಶಗಳಲ್ಲಿ 100ಕ್ಕೂ ಹೆಚ್ಚು ಪೊಲೀಸ್ ಕೇಂದ್ರ ನಡೆಸುತ್ತಿದೆ ಎಂದು ಸೇಫ್‌ಗಾರ್ಡ್ ಡಿಫೆಂಡರ್ಸ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ ಹೇಳಿತು. ಅವು ಲೈಸೆನ್ಸ್ ನವೀಕರಣದಂಥ ಸೇವೆ ಕೊಡುವ ಜಾಗಗಳಷ್ಟೇ ಎಂದು ಚೀನಾ ವಾದಿಸಿತು. ಆದರೆ 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಚೈನಾಟೌನ್‌ನಲ್ಲಿ ಇಂಥದ್ದೇ ಕೇಂದ್ರದ ವಿಚಾರವಾಗಿ ಇಬ್ಬರ ಬಂಧನವಾಯಿತು.

ಮೊದಲು ಇದು ತಿಳಿದಿರಲಿ: ಒಂದು ದೇಶದ ಪೊಲೀಸರಿಗೆ ಇನ್ನೊಂದು ದೇಶದ ಒಪ್ಪಿಗೆ ಇಲ್ಲದೆ ಅಲ್ಲಿ ಯಾರನ್ನೂ ವಿಚಾರಿಸುವ ಅಧಿಕಾರ ಇಲ್ಲ. "ಒಮ್ಮೆ ಬಂದು ಮಾತಾಡಿ ಹೋಗಿ" ಎಂದು ಕರೆದರೆ ನಿಮ್ಮ ಗೆಳೆಯ ಹೋಗುವುದು ಬೇಡ.

ಬೆದರಿಕೆ ಹೆಚ್ಚಾಗಿ ಬರುವುದು ಊರಿನಿಂದ. ಅಪ್ಪ ಅಮ್ಮನ ಮನೆಗೆ ಅಧಿಕಾರಿಗಳು ಹೋಗಿ, ಮಗನಿಗೆ ಬುದ್ಧಿ ಹೇಳಿ ಎನ್ನುತ್ತಾರೆ, ಕೆಲಸ ಹೋಗುತ್ತದೆ, ಪಾಸ್‌ಪೋರ್ಟ್ ಸಿಗಲ್ಲ ಎಂದು ಹೆದರಿಸುತ್ತಾರೆ. ನನಗೆ ತುಂಬಾ ನೋವು ಕೊಡುವುದು ಇದೇ. ಇಂಥ ಕರೆ ಬಂದ ದಿನ, ಸಮಯ, ನಂಬರ್, ಆಡಿದ ಮಾತು ಎಲ್ಲ ಬರೆದಿಡಲು ಹೇಳಿ. ಸ್ಕ್ರೀನ್‌ಶಾಟ್ ಅಳಿಸಬಾರದು. ಅವರು ಈಗ ಇರುವ ದೇಶದ ಪೊಲೀಸರಿಗೆ, ಕಾಲೇಜಿಗೆ ದೂರು ಕೊಡುವಾಗ ಜೊತೆಗೆ ಹೋಗಿ.

ಆ ಗೆಳೆಯರು ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ (ಖಾತೆಗೆ ಜೋಡಿಸಿದ ಬೇರೆ ಸಾಧನಗಳ ಪಟ್ಟಿ) ನೋಡಿ, ಗೊತ್ತಿಲ್ಲದ್ದನ್ನು ತೆಗೆಯಲಿ. ಫೋನ್ ಅಪ್‌ಡೇಟ್ ಆಗಿರಲಿ. ಐಫೋನ್ ಆದರೆ ಗೂಢಚಾರಿಕೆ ತಂತ್ರಾಂಶದಿಂದ ಕಾಯಲೆಂದೇ ಇರುವ ಲಾಕ್‌ಡೌನ್ ಮೋಡ್ ಹಾಕಬಹುದು. ಅವರ ಫೋಟೋ, ವಿಳಾಸವನ್ನು ಅವರನ್ನು ಕೇಳದೆ ನೀವೂ ಎಲ್ಲೂ ಹಾಕಬೇಡಿ.