ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡ್ರಾ? ಪೂರ್ತಿ ಬಿಚ್ಚೋಕೆ ಹೋಗಬೇಡಿ

ಮೊದಲ ಕಾರಿಗೆ ಎಂಜಿಬಿ ಇಲ್ಲವೇ ಟ್ರಯಂಫ್ ಸ್ಪಿಟ್‌ಫೈರ್ ಸಾಕು. ಎರಡೂ 1962ರಿಂದ 1980ರವರೆಗೆ ತಯಾರಾದವು. ಎಂಜಿಬಿ ಐದು ಲಕ್ಷಕ್ಕೂ ಜಾಸ್ತಿ ಹೊರಬಂದಿದೆ, ಹಾಗಾಗಿ ಬಿಡಿಭಾಗಗಳಿಗೆ ಪರದಾಡಬೇಕಿಲ್ಲ. ಸ್ಪಿಟ್‌ಫೈರ್‌ನಲ್ಲಿ ಬಾನೆಟ್ ಜೊತೆಗೆ ಮುಂದಿನ ಮಡ್‌ಗಾರ್ಡುಗಳೂ ಒಟ್ಟಿಗೆ ಮುಂದಕ್ಕೆ ಬಾಗುತ್ತವೆ, ಮುಂದಿನ ಟೈರಿನ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು.

ನೋಡೋಕೆ ಹೋದಾಗ ಎಂಜಿನ್ ಸದ್ದಿಗೆ ಮರುಳಾಗಬೇಡಿ. ಎಂಜಿನ್ ರಿಪೇರಿ ಸುಲಭ. ತುಕ್ಕೇ ಜೇಬಿಗೆ ಕತ್ತರಿ ಹಾಕುವುದು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಕಾರಿನ ಬೆನ್ನೆಲುಬು. ಒಂದು ಅಯಸ್ಕಾಂತ ತಗೊಂಡು ಹೋಗಿ ಅಲ್ಲಿ ಇಟ್ಟು ನೋಡಿ. ಅಂಟದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ವೆಲ್ಡ್ ಮಾಡಿಸಲೇಬೇಕು. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು, ಆಮೇಲೆ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ.

ಸ್ಪಿಟ್‌ಫೈರ್‌ಗೆ ಚಾಸಿ ಬೇರೆಯೇ ಇದೆ, ಆದರೆ ಅದರದೂ ಒಂದು ಕಾಟ ಇದೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು, ಅಂದರೆ ಟ್ರನಿಯನ್‌ಗೆ ಗ್ರೀಸ್ ಅಲ್ಲ, ಇಪಿ 90 ಗೇರ್ ಎಣ್ಣೆ ಹಾಕಬೇಕು. ಒಣಗಿದರೆ ತಿರುಪು ಸವೆದು ಮುರಿದು, ಚಕ್ರ ಮಡಚಿಕೊಂಡೇಬಿಡುತ್ತದೆ. ಕ್ಲಚ್ ಒತ್ತಿ ಬಿಡಿಸುತ್ತಾ ಎಂಜಿನ್ ಮುಂದಿನ ಪುಲ್ಲಿ ನೋಡಿ. ಹಿಂದೆ ಮುಂದೆ ಓಡಾಡಿದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು ಹಿಂದೆ ಮುಂದೆ ಜಾರದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ ಎಂದರ್ಥ.

ಇನ್ನು ನನ್ನ ಮುಖ್ಯ ಮಾತು. ಉತ್ಸಾಹದಲ್ಲಿ ಇಡೀ ಕಾರನ್ನು ಡಬ್ಬಗಳಿಗೆ ಇಳಿಸಬೇಡಿ. ನಾನು ಒಮ್ಮೆ ಆ ತಪ್ಪು ಮಾಡಿ ಎರಡು ವರ್ಷ ಡಬ್ಬಗಳನ್ನು ದಿಟ್ಟಿಸುತ್ತಾ ಕೂತಿದ್ದೆ, ಯಾವ ಬೋಲ್ಟ್ ಎಲ್ಲಿಯದೆಂದೇ ಮರೆತಿತ್ತು. ಬ್ರೇಕ್, ಸ್ಟೀರಿಂಗ್, ಟೈರು ಮೊದಲು. ಆಮೇಲೆ ಒಂದು ಸಲಕ್ಕೆ ಒಂದೇ ಕೆಲಸ, ಅದು ಮುಗಿದ ಮೇಲೆ ಓಡಿಸಿ. ಮೆಟ್ರಿಕ್ ಸ್ಪ್ಯಾನರ್ ಪಕ್ಕಕ್ಕಿಡಿ, ಇಲ್ಲಿ ಇಂಚಿನ ಲೆಕ್ಕ: ಅರ್ಧ ಇಂಚು, 7/16, 9/16.

ಈ ಕಾರುಗಳ ವಿದ್ಯುತ್ ಸಾಮಾನು ಮಾಡುತ್ತಿದ್ದ ಲುಕಾಸ್ ಕಂಪನಿಯ ವೈರಿಂಗನ್ನು ಎಲ್ಲರೂ ಬೈಯುತ್ತಾರೆ. ಪಾಪ, ಮುಕ್ಕಾಲು ಪಾಲು ತೊಂದರೆ ತುಕ್ಕು ಹಿಡಿದ ಅರ್ಥಿಂಗ್‌ದು. ಜೋಡಣೆಗಳನ್ನು ಉಜ್ಜಿ ಬಿಗಿಮಾಡಿ. 1967ಕ್ಕೆ ಮುಂಚಿನ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಹೋಗುತ್ತದೆ, ಈಗಿನ ರೇಡಿಯೊ ಹಾಗೇ ಹಾಕಿದರೆ ಸುಟ್ಟು ಹೋಗುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಎಸ್‌ಯು ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗವನ್ನು ಹೊಂದಿಸುವುದು. ಎಂಜಿನ್ ಬಿಸಿಯಾಗಲಿ. ಏರ್ ಫಿಲ್ಟರ್ ತೆಗೆದು, ಎರಡು ಕಾರ್ಬುರೇಟರ್‌ಗಳ ನಡುವಿನ ಲಿಂಕಿನ ಬೋಲ್ಟ್ ಸಡಿಲಿಸಿ. ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ ಒಂದೇ 'ಸುಸ್' ಕೇಳುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಆಮೇಲೆ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ನಷ್ಟು ಮೇಲೆತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ತಕ್ಷಣ ಇಳಿದರೆ ಕಮ್ಮಿ, ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಪೆಟ್ರೋಲ್ ಪ್ರಮಾಣ ಬದಲಿಸುವ ಕೆಳಗಿನ ಜೆಟ್ ನಟ್ಟನ್ನು ಒಂದೊಂದೇ ಮುಖ ತಿರುಗಿಸುತ್ತಾ ಹೋಗಿ, ಅವಸರ ಬೇಡ. ಕಾರ್ಬುರೇಟರ್ ಮೇಲ್ಭಾಗದ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ತಡವರಿಸುತ್ತದೆ, ಅದನ್ನೂ ನೋಡಿ.

ಬ್ರಿಟನ್‌ನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಆದರೂ ಮಾಡಿಸಿ, ಬೇರೆಯವರ ಕಣ್ಣಿಗೆ ಬೀಳುವುದು ನಮಗೆ ಬೀಳುವುದಿಲ್ಲ ಅಲ್ವಾ. 2021ರಿಂದ ಅಲ್ಲಿನ ಮಾಮೂಲಿ ಪೆಟ್ರೋಲ್ ಇ10 (ಶೇ 10ರವರೆಗೆ ಎಥನಾಲ್ ಬೆರೆತದ್ದು), ಅದು ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಎಥನಾಲ್ ಕಮ್ಮಿ ಇರುವ ಇ5 ಸೂಪರ್ ಹಾಕಿ, ಪೈಪುಗಳನ್ನೂ ಬದಲಿಸಿಬಿಡಿ.

ಇಷ್ಟಾದ ಮೇಲೆ ಟಾಪ್ ಇಳಿಸಿ, ಹೆದ್ದಾರಿ ಬಿಟ್ಟು ತಿರುವುಗಳಿರೋ ಸಣ್ಣ ರಸ್ತೆ ಹಿಡಿಯಿರಿ. ಗಂಟೆಗೆ 60 ಕಿಲೋಮೀಟರಿಗೇ ಹಾರಿದಂತೆ ಅನಿಸುತ್ತದೆ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಕಿಡಿ ಹಚ್ಚುವ ವ್ಯವಸ್ಥೆಯ ಪಾಯಿಂಟ್, ಕಂಡೆನ್ಸರ್, ಎರಡು ಫ್ಯೂಸ್, ಒಂದು ಕ್ಯಾನ್ ನೀರು ಇರಲಿ. ಮಳೆಗೆ ಟವೆಲ್ಲೂ ಇಟ್ಕೊಳ್ಳಿ, ಟಾಪ್ ಹಾಕಿದರೂ ಸೋರುತ್ತೆ.